ನನ್ನ ಮಾಡೆಲ್‌ನಲ್ಲಿ ಶಾಕ್ ಒಂದು ಕಡೆ ನಿಲ್ಲುತ್ತಲೇ ಇಲ್ಲ: ಕಾಂತೀಯ ಶ್ವೇತಕುಬ್ಜದ ಮೇಲೆ ಬೀಳುವ ಅನಿಲದ ಬಗ್ಗೆ ಸಹಾಯ ಬೇಕು

ಬನವಾಸಿ ರಸ್ತೆ · ಜನವರಿ 11, ರಾತ್ರಿ 9:20

ಎಲ್ಲರಿಗೂ ನಮಸ್ಕಾರ. ನಾನು ಎಂ.ಎಸ್ಸಿ. ಭೌತಶಾಸ್ತ್ರ ಕೊನೆಯ ವರ್ಷದಲ್ಲಿದ್ದೇನೆ. ಊರು ಶಿರಸಿ. ಬಲವಾದ ಕಾಂತಕ್ಷೇತ್ರ ಇರುವ ಶ್ವೇತಕುಬ್ಜದ ಮೇಲೆ ಪಕ್ಕದ ನಕ್ಷತ್ರದ ಅನಿಲ ಹೇಗೆ ಬೀಳುತ್ತದೆ ಅಂತ ಕಂಪ್ಯೂಟರ್‌ನಲ್ಲಿ ಲೆಕ್ಕ ಹಾಕುವುದು ನನ್ನ ಪ್ರಾಜೆಕ್ಟ್. ವಿಷಯ ನಾನೇ ಆರಿಸಿಕೊಂಡಿದ್ದು.

ಗೊತ್ತಿಲ್ಲದವರಿಗೆ ಸ್ವಲ್ಪ ಹೇಳಿಬಿಡುತ್ತೇನೆ. ಸೂರ್ಯನಂಥ ನಕ್ಷತ್ರ ಉರಿದು ಮುಗಿದ ಮೇಲೆ ಉಳಿಯುವ ಗಟ್ಟಿ ತಿರುಳೇ ಶ್ವೇತಕುಬ್ಜ. ತೂಕ ಹೆಚ್ಚುಕಡಿಮೆ ಸೂರ್ಯನಷ್ಟು, ಗಾತ್ರ ಮಾತ್ರ ಭೂಮಿಯಷ್ಟು. ಹತ್ತಿರದಲ್ಲೇ ಒಂದು ಸಣ್ಣ ಕೆಂಪು ನಕ್ಷತ್ರ ಇದ್ದರೆ ಅದರ ಅನಿಲ ಈ ಕಡೆ ಸೋರಿ ಬರುತ್ತದೆ. ಎಎಂ ಹರ್ಕ್ಯುಲಿಸ್ ಇಂಥ ಒಂದು ಜೋಡಿ. 3 ಗಂಟೆ ಚಿಲ್ಲರೆಗೆ ಒಂದು ಸುತ್ತು.

ನಾನು ತಗೊಂಡಿರುವ ಲೆಕ್ಕ ಇದು. ಶ್ವೇತಕುಬ್ಜದ ತೂಕ ಸೂರ್ಯನ 0.8 ಭಾಗ, ತ್ರಿಜ್ಯ 7000 ಕಿ.ಮೀ. ಅನಿಲ ನೆಲ ಮುಟ್ಟುವ ಹೊತ್ತಿಗೆ ವೇಗ ಸೆಕೆಂಡಿಗೆ ಸುಮಾರು 5500 ಕಿ.ಮೀ. ಆದರೆ ಅದು ನೇರ ನೆಲಕ್ಕೆ ಬಡಿಯುವುದಿಲ್ಲ. ಕೆಲವು ನೂರು ಕಿ.ಮೀ. ಮೇಲೆಯೇ ಒಂದು ಶಾಕ್, ಅಂದರೆ ರಭಸದ ಹರಿವು ಏಕಾಏಕಿ ನಿಧಾನ ಆಗುವ ಗೆರೆ, ನಿಂತಿರುತ್ತದೆ. ಅದನ್ನು ದಾಟಿದ ಕೂಡಲೇ ವೇಗ ಕಾಲು ಭಾಗಕ್ಕೆ ಇಳಿಯುತ್ತದೆ, ಸಾಂದ್ರತೆ 4 ಪಟ್ಟಾಗುತ್ತದೆ, ಬಿಸಿ ಸುಮಾರು 40 ಕೋಟಿ ಡಿಗ್ರಿಗೆ ಏರುತ್ತದೆ. ಆ ಬಿಸಿ ಅನಿಲ ಎಕ್ಸ್-ರೇ ಚೆಲ್ಲುತ್ತಾ ತಣಿದು ಮೆಲ್ಲಗೆ ಕೆಳಗೆ ಕೂರುತ್ತದೆ.

ತೊಂದರೆ ಎಲ್ಲಿ ಅಂದರೆ, 1973ರಲ್ಲಿ ಐಜು ಎಂಬ ಜಪಾನಿ ವಿಜ್ಞಾನಿ ಕೊಟ್ಟ ಲೆಕ್ಕದಲ್ಲಿ ಶಾಕ್ ಒಂದೇ ಎತ್ತರದಲ್ಲಿ ನಿಲ್ಲುತ್ತದೆ. ನನ್ನ ಮಾಡೆಲ್‌ನಲ್ಲಿ ನಿಲ್ಲುವುದಿಲ್ಲ. ಮೇಲೆ ಕೆಳಗೆ, ಮೇಲೆ ಕೆಳಗೆ. ಒಂದು ಸೆಕೆಂಡಿನ ಆಸುಪಾಸಿನಲ್ಲಿ ಒಂದು ಸಲ. ಅನಿಲ ಬೀಳುವ ದಾರಿಯನ್ನು 400 ಸಣ್ಣ ತುಂಡುಗಳಾಗಿ (ಕೋಶ) ಕತ್ತರಿಸಿದ, ಎತ್ತರ ಒಂದನ್ನೇ ಲೆಕ್ಕಕ್ಕೆ ಹಿಡಿಯುವ ಒಂದು ಆಯಾಮದ ಸರಳ ಕೊಳವೆ ಅಷ್ಟೇ. ಮೂರು ವಾರದಿಂದ ತಪ್ಪು ಹುಡುಕುತ್ತಿದ್ದೇನೆ, ಸಿಗುತ್ತಿಲ್ಲ. ಯಾರಾದರೂ ನೋಡುತ್ತೀರಾ?

ಕುಮಟಾ ಹುಡುಗ · ಜನವರಿ 11, ರಾತ್ರಿ 10:05

ನಾನು ಬೆಂಗಳೂರಲ್ಲಿ ಗಾಳಿ-ನೀರಿನ ಹರಿವಿನ ಸಾಫ್ಟ್‌ವೇರ್ ಬರೆಯುತ್ತೇನೆ. ನಕ್ಷತ್ರ ನನ್ನ ಕ್ಷೇತ್ರ ಅಲ್ಲ, ಆದರೆ ಈ ತರಹದ ಕುಣಿತ ಬಹಳ ನೋಡಿದ್ದೇನೆ. ನೂರಕ್ಕೆ ತೊಂಬತ್ತು ಸಲ ಅದು ತಳದ ಗಡಿಯ ತಪ್ಪು. ಕೆಳಗೆ ಏನು ಕೊಟ್ಟಿದ್ದೀರಿ? ಗಟ್ಟಿ ಗೋಡೆನಾ? ಗೋಡೆಗೆ ಬಡಿದ ಅಲೆ ವಾಪಸ್ ಬಂದು ಶಾಕ್‌ಗೆ ತಾಗುತ್ತಿರಬಹುದು.

ಇನ್ನೊಂದು. ಅನಿಲ ತಳದ ಹತ್ತಿರ ತಣಿದು ದಪ್ಪಗಾಗುತ್ತದೆ ಅಲ್ವಾ? ಅಲ್ಲಿ ಎಲ್ಲವೂ ತೀರಾ ಬೇಗ ಬದಲಾಗುತ್ತದೆ. ಎಲ್ಲ ಕೋಶ ಒಂದೇ ಅಳತೆ ಇಟ್ಟರೆ ಆ ಜಾಗ ಎರಡು ಮೂರು ಕೋಶದಲ್ಲೇ ಮುಗಿದುಹೋಗುತ್ತದೆ. ಕೆಳಗಿನ ಕೋಶಗಳನ್ನು ತೆಳ್ಳಗೆ ಮಾಡಿ. ಆಮೇಲೆ 400 ಇದ್ದದ್ದನ್ನು 800, 1600 ಮಾಡಿ ಓಡಿಸಿ. ಕುಣಿತದ ಅವಧಿ ಬದಲಾದರೆ ಕೋಡಿನದ್ದೇ ತಪ್ಪು.

ತೋಟದ ಮನೆ · ಜನವರಿ 12, ಬೆಳಿಗ್ಗೆ 6:10

ತಂಗಿ, ಶಿರಸಿ ಅಂತ ನೋಡಿ ಓದಿದೆ. ನಮ್ಮದು ಅಡಿಕೆ ತೋಟ, ಪಿಯುಸಿಯಲ್ಲಿ ಸಾಯನ್ಸ್ ಓದಿದ್ದು ಅಷ್ಟೇ. ಒಂದು ಪ್ರಶ್ನೆ. ಚಿಕ್ಕವನಿದ್ದಾಗ ಕಾರವಾರ ಬೀಚಿಗೆ ಹೋದಾಗ ಮರಳಲ್ಲಿ ಮ್ಯಾಗ್ನೆಟ್ ಎಳೆದರೆ ಕರಿ ಪುಡಿ ಅಂಟಿಕೊಂಡು ಬರುತ್ತಿತ್ತು. ಈ ನಕ್ಷತ್ರವೂ ಹಾಗೇ ಅನಿಲವನ್ನು ಎಳೆಯುತ್ತದಾ?

ಕೋಡಿಬಾಗ · ಜನವರಿ 12, ಮಧ್ಯಾಹ್ನ 3:30

ತೋಟದ ಮನೆಯವರೇ, ಒಳ್ಳೆಯ ಪ್ರಶ್ನೆ ಕೇಳಿದಿರಿ. ನಾನು ಕಾಲೇಜಿನಲ್ಲಿ ಮೂವತ್ತು ವರ್ಷ ಭೌತಶಾಸ್ತ್ರ ಕಲಿಸಿದವನು. ಪಾಠ ಮಾಡುವಾಗ ಹೆಚ್ಚು ಮಂದಿ ಎಡವುತ್ತಿದ್ದದ್ದು ಇಲ್ಲೇ.

ಇಲ್ಲ, ಮ್ಯಾಗ್ನೆಟ್ ಎಳೆಯುವುದಿಲ್ಲ. ಎಳೆಯುವುದು ಗುರುತ್ವ. ಮ್ಯಾಗ್ನೆಟ್ ದಾರಿ ತೋರಿಸುತ್ತದೆ ಅಷ್ಟೇ.

ಬೀಚಿನ ಕರಿ ಪುಡಿ ಕಬ್ಬಿಣದ ಅದಿರು, ಅದು ಅಂಟುತ್ತದೆ. ಆದರೆ ನಕ್ಷತ್ರದ ಅನಿಲ ಬಹುಪಾಲು ಜಲಜನಕ. ಬಿಸಿಗೆ ಅದರ ಎಲೆಕ್ಟ್ರಾನು, ಪ್ರೋಟಾನು ಬೇರೆ ಬೇರೆ ಆಗಿರುತ್ತವೆ. ಇಂಥ ವಿದ್ಯುತ್ ಕಣ ಕಾಂತರೇಖೆಯನ್ನು ಅಡ್ಡ ದಾಟಲು ಹೋದರೆ ಗಿರಗಿರ ಸುತ್ತುತ್ತದೆ, ದಾಟಲು ಆಗುವುದಿಲ್ಲ. ರೇಖೆಯ ಉದ್ದಕ್ಕೆ ಮಾತ್ರ ಆರಾಮಾಗಿ ಜಾರುತ್ತದೆ. ಕಾಂತರೇಖೆಗಳು ಬಂದು ಸೇರುವುದು ಧ್ರುವದಲ್ಲಿ. ಅದಕ್ಕೇ ಅನಿಲ ಇಡೀ ನಕ್ಷತ್ರದ ಮೇಲೆ ಹರಡಿ ಬೀಳದೆ ಧ್ರುವದ ಹತ್ತಿರ ಒಂದು ಚಿಕ್ಕ ಜಾಗಕ್ಕೆ ಸುರಿಯುತ್ತದೆ.

ಎಲ್ಲಿಂದ ಈ ದಾರಿ ಶುರು? ದೂರದಲ್ಲಿ ಕಾಂತಕ್ಷೇತ್ರ ಬಡವಾಗಿರುತ್ತದೆ, ಅನಿಲ ತನ್ನ ರಭಸದಲ್ಲೇ ಬರುತ್ತದೆ. ಹತ್ತಿರ ಬಂದಂತೆ ಕಾಂತಕ್ಷೇತ್ರದ ಒತ್ತಡ ಬೇಗ ಬೇಗ ಏರುತ್ತದೆ. ಒಂದು ಕಡೆ ಕಾಂತದ ಒತ್ತಡ ಅನಿಲದ ನೂಕನ್ನು ಮೀರುತ್ತದೆ. ಅಲ್ಲಿಂದ ಮುಂದೆ ಅದರದ್ದೇ ಯಜಮಾನಿಕೆ.

ಅಳತೆಗೆ ಹೇಳುತ್ತೇನೆ. ಕಾರವಾರದಲ್ಲಿ ಭೂಮಿಯ ಕಾಂತಕ್ಷೇತ್ರ ಸುಮಾರು 0.4 ಗಾಸ್. ಎಎಂ ಹರ್ಕ್ಯುಲಿಸ್‌ನ ಶ್ವೇತಕುಬ್ಜದ್ದು 1 ಕೋಟಿ 40 ಲಕ್ಷ ಗಾಸ್ ಆಸುಪಾಸು. ಎಆರ್ ಅರ್ಸೆ ಮೇಜೋರಿಸ್ ಎಂಬ ಇನ್ನೊಂದರದ್ದು 23 ಕೋಟಿ. ಇಷ್ಟು ಬಲ ಇದ್ದಲ್ಲಿ ಅನಿಲಕ್ಕೆ ತಟ್ಟೆಯ ಹಾಗೆ ಸುತ್ತಲೂ ಹರಡಿಕೊಳ್ಳಲು ಅವಕಾಶವೇ ಇಲ್ಲ. ಇಂಥ ಜೋಡಿಗಳಿಗೆ ಪೋಲಾರ್ ಅಂತ ಹೆಸರು. ಕ್ಷೇತ್ರ ಕೆಲವು ಹತ್ತು ಲಕ್ಷ ಗಾಸ್ ಮಾತ್ರ ಇದ್ದರೆ ಹೊರಗೆ ತಟ್ಟೆ, ಒಳಗೆ ಕಾಂತದ ದಾರಿ, ಎರಡೂ ಇರುತ್ತವೆ. ಅವು ಇಂಟರ್ಮೀಡಿಯೆಟ್ ಪೋಲಾರ್.

ಬನವಾಸಿ ರಸ್ತೆ, ನಿಮ್ಮ ಶಾಕ್ ಬಗ್ಗೆ ನಾಳೆ ಬರೆಯುತ್ತೇನೆ. ನನ್ನ ಊಹೆ ಬೇರೆ ಇದೆ. ಅಲ್ಲಿಯವರೆಗೆ ಕೋಡ್ ಅಳಿಸಬೇಡಿ.

ತೋಟದ ಮನೆ · ಜನವರಿ 12, ಸಂಜೆ 7:00

ಈಗ ಅರ್ಥ ಆಯಿತು ಮಾಸ್ತರೇ. ನಮ್ಮಲ್ಲಿ ಬೆಟ್ಟದ ಮೇಲಿನ ಒರತೆ ನೀರನ್ನು ಅಡಿಕೆ ಮರ ಸೀಳಿ ಮಾಡಿದ ದೋಣಿಯಲ್ಲಿ ಮನೆಗೆ ತರುತ್ತಿದ್ದರು. ನೀರು ಬರುವುದು ಇಳಿಜಾರಿನಿಂದ. ದೋಣಿ ನೀರನ್ನು ಎಳೆಯುವುದಿಲ್ಲ. ಆದರೆ ಎಲ್ಲಿ ಬೀಳಬೇಕು ಅನ್ನುವುದು ದೋಣಿಯ ಕೈಲಿದೆ.

ಕೋಡಿಬಾಗ · ಜನವರಿ 12, ಸಂಜೆ 7:25

ಇದಕ್ಕಿಂತ ಚೆನ್ನಾಗಿ ನಾನೂ ಹೇಳಿರಲಿಲ್ಲ.

ಶರಾವತಿ ದಂಡೆ · ಜನವರಿ 12, ರಾತ್ರಿ 8:40

ನಾನು ಹೊನ್ನಾವರದ ಹತ್ತಿರ ಹೈಸ್ಕೂಲ್ ಟೀಚರ್. ಶಾಕ್ ಅಂದರೇನು ಅಂತ ಮಕ್ಕಳಿಗೆ ತೋರಿಸಲು ಅಡಿಗೆಮನೆ ಸಾಕು. ನಲ್ಲಿ ಸಣ್ಣಗೆ ಬಿಟ್ಟು ಕೆಳಗೆ ಸ್ಟೀಲ್ ತಟ್ಟೆ ಬೋರಲು ಇಡಿ. ನೀರು ಬಿದ್ದ ಜಾಗದ ಸುತ್ತ ತೆಳ್ಳಗೆ, ಜೋರಾಗಿ ಓಡುತ್ತದೆ. ಸ್ವಲ್ಪ ದೂರದಲ್ಲಿ ಒಂದು ಉಂಗುರ. ಅದರಾಚೆ ನೀರು ದಪ್ಪ, ನಿಧಾನ. ನಲ್ಲಿ ತಿರುಗಿಸಿದರೆ ಉಂಗುರ ಹಿಂದೆ ಮುಂದೆ ಹೋಗುತ್ತದೆ. ಇದು ಅನಿಲದ ಶಾಕ್ ಅಲ್ಲ, ಆದರೆ ಅದರ ನೆಂಟ. ರಭಸದ ಹರಿವು ಒಂದು ಗೆರೆಯಲ್ಲಿ ಏಕಾಏಕಿ ನಿಧಾನ ಆಗುವುದು ಕಣ್ಣಿಗೆ ಕಾಣುತ್ತದೆ.

ಇನ್ನೊಂದು ಲೆಕ್ಕ ಮಕ್ಕಳ ಜೊತೆ ಮಾಡಿದೆ. ಮೇಲೆ ಹೇಳಿದ ಶ್ವೇತಕುಬ್ಜದ ಮೇಲೆ 1 ಕಿಲೋ ಅನಿಲ ಬಿದ್ದರೆ ಸುಮಾರು 15 ಲಕ್ಷ ಕೋಟಿ ಜೂಲ್ ಶಕ್ತಿ ಹೊರಬರುತ್ತದೆ. ನಮ್ಮ ಕೈಗಾದಲ್ಲಿ 220 ಮೆಗಾವ್ಯಾಟ್‌ನ 4 ಘಟಕ. ನಾಲ್ಕೂ ಪೂರ್ತಿ ಓಡಿದರೆ ಅಷ್ಟು ವಿದ್ಯುತ್ ಕೊಡಲು ಹತ್ತಿರ ಹತ್ತಿರ 5 ಗಂಟೆ ಬೇಕು. ಒಂದು ಕಿಲೋಗೆ! ಸುಮ್ನೆ ಬೀಳುವುದರಲ್ಲೇ ಇಷ್ಟು ಶಕ್ತಿ ಇದೆ ಅಂತ ಮಕ್ಕಳು ನಂಬಲೇ ಇಲ್ಲ, ಎರಡು ಸಲ ಲೆಕ್ಕ ಮಾಡಿದರು.

ಕೋಡಿಬಾಗ · ಜನವರಿ 13, ಸಂಜೆ 5:15

ಬನವಾಸಿ ರಸ್ತೆ, ನಿಮ್ಮ ಕೋಡ್ ಸರಿ ಇರಬಹುದು.

1981ರಲ್ಲಿ ಲ್ಯಾಂಗರ್, ಚನ್ಮುಗಂ, ಶಾವಿವ್ ಎಂಬ ಮೂವರು ಇದೇ ಲೆಕ್ಕವನ್ನು ಕಾಲದ ಜೊತೆ ಓಡಿಸಿ ನೋಡಿದರು. ಅವರ ಶಾಕ್ ಕೂಡ ನಿಲ್ಲಲಿಲ್ಲ. ನಿಮ್ಮದರ ಹಾಗೇ ಏರಿ ಇಳಿಯಿತು. ಐಜು ಅವರ ಲೆಕ್ಕ ತಪ್ಪಲ್ಲ. ಅದು ಶಾಕ್ ನಿಂತಿದೆ ಅಂತ ಮೊದಲೇ ಹಿಡಿದುಕೊಂಡು ಮಾಡಿದ ಲೆಕ್ಕ. ನಿಂತ ಸ್ಥಿತಿ ಇದೆ ಅನ್ನುವುದು ಬೇರೆ, ಅದು ಅಲ್ಲೇ ಉಳಿಯುತ್ತದೆ ಅನ್ನುವುದು ಬೇರೆ. ಪೆನ್ಸಿಲನ್ನು ಮೊನೆಯ ಮೇಲೆ ನಿಲ್ಲಿಸುವ ಲೆಕ್ಕವೂ ಸರಿಯೇ ಇರುತ್ತದೆ, ಆದರೆ ಪೆನ್ಸಿಲ್ ನಿಲ್ಲುವುದಿಲ್ಲ.

ಯಾಕೆ ಹೀಗಾಗುತ್ತದೆ? ಶಾಕ್ ಸ್ವಲ್ಪ ಮೇಲೆ ಸರಿಯಿತು ಅಂದುಕೊಳ್ಳಿ. ಮೇಲಿಂದ ಬರುವ ಅನಿಲ, ಮೇಲೆ ಹೋಗುತ್ತಿರುವ ಶಾಕ್, ಎರಡೂ ಎದುರುಬದುರು. ಡಿಕ್ಕಿ ಜೋರು. ಅನಿಲ ಮೊದಲಿಗಿಂತ ಜಾಸ್ತಿ ಬಿಸಿಯಾಗುತ್ತದೆ. ಜಾಸ್ತಿ ಬಿಸಿಯಾದದ್ದು ತಣಿಯಲು ಜಾಸ್ತಿ ಹೊತ್ತು ಬೇಕು. ತಣಿಯದ ಅನಿಲ ಕೆಳಗೆ ಕೂರುವುದಿಲ್ಲ, ಶಾಕ್ ಅನ್ನು ಇನ್ನೂ ಮೇಲೆ ದೂಡುತ್ತದೆ. ಕೊನೆಗೆ ಅದು ತಣಿದು ಒತ್ತಡ ಬಿಟ್ಟುಕೊಟ್ಟಾಗ ಶಾಕ್ ಕೆಳಗೆ ಬರುತ್ತದೆ. ಈಗ ಎಲ್ಲ ಉಲ್ಟಾ. ಡಿಕ್ಕಿ ಮೆತ್ತಗೆ, ಬಿಸಿ ಕಡಿಮೆ, ಬೇಗ ತಣಿಯುತ್ತದೆ, ಇನ್ನೂ ಕೆಳಗೆ ಇಳಿಯುತ್ತದೆ.

ಇದರ ಬೇರು ತಣಿಯುವ ರೀತಿಯಲ್ಲಿದೆ. ನೀವು ಹಾಕಿರುವುದು ಬ್ರೆಮ್ಸ್‌ಸ್ಟ್ರಾಲುಂಗ್, ಅಂದರೆ ಎಲೆಕ್ಟ್ರಾನು ಅಯಾನಿನ (ಎಲೆಕ್ಟ್ರಾನು ಕಳೆದುಕೊಂಡ ಪರಮಾಣುವಿನ) ಪಕ್ಕ ಹಾದು ತಿರುಗುವಾಗ ಚೆಲ್ಲುವ ಎಕ್ಸ್-ರೇ. ಬಿಸಿ 4 ಪಟ್ಟಾದರೆ ಈ ಬೆಳಕು 2 ಪಟ್ಟು ಮಾತ್ರ ಆಗುತ್ತದೆ. ಬಿಸಿ ಏರಿದಷ್ಟು ಖರ್ಚು ಏರುವುದಿಲ್ಲ. 1982ರಲ್ಲಿ ಶೆವಲಿಯರ್ ಮತ್ತು ಇಮಾಮುರಾ ಇದನ್ನು ಗಣಿತದಲ್ಲೇ ಬಿಡಿಸಿದರು. ತಣಿಯುವುದು ಬಿಸಿಯ 0.4 ಘಾತಕ್ಕಿಂತ ಮೆತ್ತಗಿದ್ದರೆ ಮೂಲ ಕಂಪನವೇ ಬೆಳೆಯುತ್ತದೆ. ಸುಮಾರು 0.8ರವರೆಗೆ ಅದರ ಮೇಲಿನ ಸ್ವರಗಳು ಬೆಳೆಯುತ್ತವೆ. ಬ್ರೆಮ್ಸ್‌ಸ್ಟ್ರಾಲುಂಗ್‌ನದ್ದು 0.5. ಹಾಗಾಗಿ ತಂತಿ ಮೀಟಿದಾಗ ಕೇಳುವ ಮೊದಲ ಸ್ವರ ಇಲ್ಲಿ ಅಡಗುತ್ತದೆ, ಮೇಲಿನ ಸ್ವರ ಉಳಿದುಕೊಳ್ಳುತ್ತದೆ. ನನಗೆ ಈ ವಿಷಯದಲ್ಲಿ ಅತ್ಯಂತ ಇಷ್ಟವಾದ ಸಂಗತಿ ಇದು.

ನಿಮಗೊಂದು ಪರೀಕ್ಷೆ. ಕುಮಟಾ ಹುಡುಗ ಹೇಳಿದ್ದನ್ನೂ ಮಾಡಿ. ಜೊತೆಗೆ ಬೀಳುವ ಅನಿಲದ ಪ್ರಮಾಣವನ್ನು ಎರಡು ಪಟ್ಟು ಮಾಡಿ ನೋಡಿ. ಸಾಂದ್ರತೆ ಎರಡು ಪಟ್ಟಾದರೆ ತಣಿಯುವ ಸಮಯ ಅರ್ಧ. ಕಂಪನ ನಿಜವಾದದ್ದಾದರೆ ಅದರ ಅವಧಿ ಅರ್ಧ ಆಗಬೇಕು, ಶಾಕ್‌ನ ಸರಾಸರಿ ಎತ್ತರವೂ ಅರ್ಧ ಆಗಬೇಕು. ಕೋಡಿನ ತಪ್ಪಿಗೆ ಇಷ್ಟು ಶಿಸ್ತು ಇರುವುದಿಲ್ಲ.

ಕುಮಟಾ ಹುಡುಗ · ಜನವರಿ 13, ರಾತ್ರಿ 9:00

ಸರ್, ಒಪ್ಪಬೇಕಾದ ಮಾತು. ಆದರೂ ಮೊದಲು 1600 ಕೋಶದ ಫಲಿತಾಂಶ ನೋಡದೆ ನಾನು ಒಪ್ಪುವುದಿಲ್ಲ.

ಬನವಾಸಿ ರಸ್ತೆ · ಜನವರಿ 19, ರಾತ್ರಿ 11:50

ಓಡಿಸಿದೆ. ಕೆಳಗಿನ ಕೋಶ ತೆಳ್ಳಗೆ ಮಾಡಿದೆ. 400, 800, 1600 ಮೂರರಲ್ಲೂ ಅವಧಿ ಒಂದೇ. ತಳದ ಗಟ್ಟಿ ಗೋಡೆ ತೆಗೆದು ತಣ್ಣನೆಯ ದಪ್ಪ ಅನಿಲದ ಪದರ ಇಟ್ಟೆ. ಕಂಪನದ ಎತ್ತರ ಸ್ವಲ್ಪ ತಗ್ಗಿತು. ಅಂದರೆ ಕುಮಟಾ ಅಣ್ಣ ಹೇಳಿದ್ದರಲ್ಲೂ ಸತ್ಯ ಇತ್ತು, ಗೋಡೆ ಅದನ್ನು ಜೋರು ಮಾಡುತ್ತಿತ್ತು. ಆದರೆ ಕಂಪನ ಹೋಗಲಿಲ್ಲ.

ಆಮೇಲೆ ಅನಿಲ ಎರಡು ಪಟ್ಟು ಮಾಡಿದೆ. ಅವಧಿ ಅರ್ಧ. ಶಾಕ್‌ನ ಸರಾಸರಿ ಎತ್ತರವೂ ಅರ್ಧ.

ಸರ್, ಮೂರು ವಾರ ತಪ್ಪು ಅಂತ ಅಳಿಸಲು ಹೊರಟಿದ್ದು ನಿಜವಾದ ಭೌತಶಾಸ್ತ್ರ ಆಗಿತ್ತು. ಹೇಗೆ ಹೇಳಲಿ ಗೊತ್ತಾಗುತ್ತಿಲ್ಲ, ತುಂಬಾ ಖುಷಿಯಾಗಿದೆ.

ಕುಮಟಾ ಹುಡುಗ · ಜನವರಿ 20, ಬೆಳಿಗ್ಗೆ 7:30

ಒಪ್ಪಿದೆ. ಚೆನ್ನಾಗಿ ಮಾಡಿದ್ದೀರಿ.

ಈಗ ಮುಂದಿನ ಪ್ರಶ್ನೆ. ಆಕಾಶದಲ್ಲಿ ಇದು ಕಾಣುತ್ತದಾ? ಕಾಣದಿದ್ದರೆ ಮಾಡೆಲ್‌ನಲ್ಲಿ ಇನ್ನೇನೋ ಬಿಟ್ಟುಹೋಗಿದೆ.

ಕೋಡಿಬಾಗ · ಜನವರಿ 20, ಸಂಜೆ 6:00

ಕೆಲವು ಕಡೆ ಕಾಣುತ್ತದೆ. ವಿ834 ಸೆಂಟೌರಿ, ಎಎನ್ ಅರ್ಸೆ ಮೇಜೋರಿಸ್‌ನಂಥ ಪೋಲಾರ್‌ಗಳ ಬೆಳಕಿನಲ್ಲಿ 1ರಿಂದ 3 ಸೆಕೆಂಡಿನ ಮಿಣುಕು 1980ರ ದಶಕದಲ್ಲೇ ಸಿಕ್ಕಿತು. ಆದರೆ ಬಹಳಷ್ಟು ಪೋಲಾರ್‌ಗಳಲ್ಲಿ ಸಿಗುವುದಿಲ್ಲ. ಅಲ್ಲಿಗೆ ನಿಮ್ಮ ಮಾಡೆಲ್‌ನಲ್ಲಿ ಏನು ಇಲ್ಲ ಅಂತ ಕೇಳಬೇಕು.

ಕಾಂತಕ್ಷೇತ್ರವನ್ನು ನೀವು ಕೊಳವೆಯಾಗಿ ಮಾತ್ರ ಬಳಸಿದ್ದೀರಿ. ಅದಕ್ಕೆ ಇನ್ನೊಂದು ಕೆಲಸ ಇದೆ. ಗಿರಗಿರ ಸುತ್ತುವ ಎಲೆಕ್ಟ್ರಾನುಗಳು ಸೈಕ್ಲೋಟ್ರಾನ್ ಬೆಳಕು ಚೆಲ್ಲುತ್ತವೆ. ಎಎಂ ಹರ್ಕ್ಯುಲಿಸ್ ವಿಶೇಷ ಅಂತ ಗೊತ್ತಾಗಿದ್ದೇ ಇದರಿಂದ. ಆ ನಕ್ಷತ್ರದ ಹೊಳಪು ಏರಿಳಿಯುತ್ತದೆ ಅಂತ 1923ರಿಂದ ಗೊತ್ತಿತ್ತು. 1976ರಲ್ಲಿ ಟಾಪಿಯಾ ಅವರು ಅದರ ಬೆಳಕು ಬಲವಾಗಿ ಧ್ರುವೀಕೃತ (ಪೋಲರೈಸ್ಡ್), ಅಂದರೆ ಅದರ ಅಲೆಗಳು ಒಂದೇ ಕ್ರಮದಲ್ಲಿ ಅಲುಗುತ್ತವೆ ಅಂತ ಕಂಡುಹಿಡಿದರು. ಪೋಲಾರ್ ಎಂಬ ಹೆಸರು ಬಂದದ್ದು ಈ ಗುಣದಿಂದಲೇ.

ಸೈಕ್ಲೋಟ್ರಾನ್ ತಣಿಸುವ ರೀತಿ ಬೇರೆ. ಬಿಸಿ ಏರಿದರೆ ಅದು ತೀರಾ ಬೇಗ ಏರುತ್ತದೆ. ಸರಳ ಮಾಡೆಲ್‌ಗಳಲ್ಲಿ ಬಿಸಿಯ 2.5 ಘಾತ ಹಾಕುತ್ತಾರೆ. ಶಾಕ್ ಮೇಲೆ ಹೋಗಿ ಅನಿಲ ಜಾಸ್ತಿ ಬಿಸಿಯಾದ ಕೂಡಲೇ ಸೈಕ್ಲೋಟ್ರಾನ್ ಆ ಬಿಸಿಯನ್ನು ಕಿತ್ತುಕೊಂಡು ಹೋಗುತ್ತದೆ. ಕಂಪನಕ್ಕೆ ಬ್ರೇಕ್ ಬೀಳುತ್ತದೆ. ಇದನ್ನು ಒಂದೇ ಸಾಲಿನಲ್ಲಿ ಸೇರಿಸಬಹುದು.

ಕುಮಟಾ ಹುಡುಗ · ಜನವರಿ 20, ರಾತ್ರಿ 10:10

ಅದಷ್ಟೇ ಸಾಕಾ ಸರ್? ಶಾಕ್ ಮೊದಲು ಬಿಸಿ ಮಾಡುವುದು ಭಾರದ ಅಯಾನುಗಳನ್ನು. ಬೆಳಕು ಚೆಲ್ಲುವುದು ಎಲೆಕ್ಟ್ರಾನು. ಅಯಾನಿನ ಬಿಸಿ ಎಲೆಕ್ಟ್ರಾನಿಗೆ ದಾಟಲು ಹೊತ್ತು ಬೇಕು. ಸೈಕ್ಲೋಟ್ರಾನ್ ಜೋರಿದ್ದರೆ ದಾಟುವ ಮೊದಲೇ ಎಲೆಕ್ಟ್ರಾನು ತಣಿಯುತ್ತದೆ. ಹಾಗಾದರೆ ಎರಡು ಬೇರೆ ಬೇರೆ ಉಷ್ಣತೆ ಇಡಬೇಕು. ಕೊಳವೆಯೂ ನೇರ ಅಲ್ಲ, ಧ್ರುವದ ಕಡೆ ಕಿರಿದಾಗುತ್ತದೆ. ಒಂದು ಆಯಾಮ ಸಾಲದು ಅನಿಸುತ್ತದೆ.

ಕೋಡಿಬಾಗ · ಜನವರಿ 21, ಬೆಳಿಗ್ಗೆ 8:00

ನೀವು ಹೇಳಿದ್ದೆಲ್ಲ ನಿಜ. ಆದರೆ ಅವಳಿಗೆ ಇರುವುದು ಎರಡು ತಿಂಗಳು. ಎಲ್ಲವನ್ನೂ ಒಟ್ಟಿಗೆ ಸೇರಿಸಿದರೆ ಯಾವುದರಿಂದ ಏನಾಯಿತು ಅಂತ ಹೇಳಲು ಆಗುವುದಿಲ್ಲ. ಒಂದೊಂದೇ ಸೇರಿಸಿ, ಪ್ರತಿ ಸಲ ಏನು ಬದಲಾಯಿತು ಅಂತ ಬರೆದಿಡಿ. ಒಂದು ಆಯಾಮದ ಮಾಡೆಲ್ ಬಡ ಮಾಡೆಲ್ ಅಲ್ಲ. ಅದರೊಳಗೆ ಏನು ನಡೆಯುತ್ತಿದೆ ಅಂತ ನಮಗೆ ಪೂರ್ತಿ ಗೊತ್ತಿರುತ್ತದೆ.

ತೋಟದ ಮನೆ · ಜನವರಿ 21, ಸಂಜೆ 6:45

ಮಾಸ್ತರೇ, ಇನ್ನೊಂದು ಕೇಳಲೇ? ನಮ್ಮ ದೋಣಿಯಲ್ಲಿ ಎಲೆ ಸಿಕ್ಕಿಕೊಂಡರೆ ನೀರು ಒಂದೇ ಸಮ ಬರುವುದಿಲ್ಲ. ನಿಂತು ನಿಂತು, ಭಸ್ ಅಂತ ಒಮ್ಮೆಗೇ ಬರುತ್ತದೆ. ಹಾಗೆ ಬಂದದ್ದು ಹಂಡೆಯ ತಳದವರೆಗೂ ಹೋಗಿ ಕಲಕುತ್ತದೆ. ಸಣ್ಣ ಧಾರೆ ಮೇಲೆಯೇ ಗುಳ್ಳೆ ಎಬ್ಬಿಸುತ್ತದೆ ಅಷ್ಟೇ. ನಕ್ಷತ್ರದ ಅನಿಲ ಯಾವಾಗಲೂ ಒಂದೇ ಸಮ ಬರುತ್ತದೆ ಅಂತ ಯಾಕೆ ಅಂದುಕೊಂಡಿದ್ದೀರಿ?

ಕೋಡಿಬಾಗ · ಜನವರಿ 21, ರಾತ್ರಿ 8:30

ಈ ಪ್ರಶ್ನೆಯನ್ನು ವಿಜ್ಞಾನಿಗಳು 1982ರಲ್ಲಿ ಕೇಳಿದರು. ಕಾಯ್ಪರ್ಸ್ ಮತ್ತು ಪ್ರಿಂಗಲ್ ಅಂತ ಇಬ್ಬರು.

ಆಗ ಒಂದು ಒಗಟಿತ್ತು. ಸರಳ ಲೆಕ್ಕದ ಪ್ರಕಾರ ಶಾಕ್‌ನಿಂದ ಬರುವ ಗಟ್ಟಿ (ಹೆಚ್ಚು ಶಕ್ತಿಯ) ಎಕ್ಸ್-ರೇಯಲ್ಲಿ ಸುಮಾರು ಅರ್ಧ ಕೆಳಗಿನ ನೆಲಕ್ಕೆ ಬಡಿಯುತ್ತದೆ. ನೆಲ ಅದನ್ನು ಹೀರಿ ಮೆತ್ತನೆಯ (ಕಡಿಮೆ ಶಕ್ತಿಯ) ಎಕ್ಸ್-ರೇ ಆಗಿ ವಾಪಸ್ ಕೊಡಬೇಕು. ಎರಡೂ ಸರಿಸುಮಾರು ಸಮ ಇರಬೇಕಿತ್ತು. ಆದರೆ ಹಲವು ಪೋಲಾರ್‌ಗಳಲ್ಲಿ ಮೆತ್ತನೆಯದೇ ಬಹಳ ಜಾಸ್ತಿ ಕಂಡಿತು. ಉತ್ತರ ನೀವು ಹೇಳಿದ್ದೇ. ಅನಿಲ ಮುದ್ದೆ ಮುದ್ದೆಯಾಗಿಯೂ ಬರುತ್ತದೆ. ದಪ್ಪ ಮುದ್ದೆ ಮೇಲೆ ಶಾಕ್‌ನಲ್ಲಿ ನಿಲ್ಲುವುದಿಲ್ಲ, ನಕ್ಷತ್ರದ ಮೈಯೊಳಗೆ ಹೂತುಕೊಂಡು ಅಲ್ಲಿ ಶಕ್ತಿ ಬಿಡುತ್ತದೆ. ಆ ಶಕ್ತಿ ಹೊರಗೆ ಬರುವಷ್ಟರಲ್ಲಿ ಮೆತ್ತನೆಯ ಎಕ್ಸ್-ರೇ ಆಗಿರುತ್ತದೆ.

ತೋಟದಲ್ಲಿ ನಿಂತು ಇದನ್ನು ಕೇಳಿದಿರಲ್ಲ, ನನಗೆ ಬಹಳ ಸಂತೋಷ.

ದೇವಗಡ ದೀಪ · ಜನವರಿ 25, ರಾತ್ರಿ 10:30

ಇಷ್ಟು ದಿನ ಸುಮ್ಮನೆ ಓದುತ್ತಿದ್ದೆ. ಕಾರವಾರದವನು. 8 ಇಂಚಿನ ದೂರದರ್ಶಕ, ಒಂದು ಸಾಧಾರಣ ಕ್ಯಾಮೆರಾ ಇದೆ.

ಎಎಂ ಹರ್ಕ್ಯುಲಿಸ್ ನಮಗೆ ಕಷ್ಟ. ಅದು ಸಂಜೆ ಆಕಾಶದಲ್ಲಿ ಚೆನ್ನಾಗಿ ಏರುವ ತಿಂಗಳುಗಳಲ್ಲೇ ನಮ್ಮಲ್ಲಿ ಮಳೆಗಾಲ. ಆದರೆ ಇಎಕ್ಸ್ ಹೈಡ್ರೇ ಅಂತ ಒಂದು ಇಂಟರ್ಮೀಡಿಯೆಟ್ ಪೋಲಾರ್ ಇದೆ. ದಕ್ಷಿಣದ ನಕ್ಷತ್ರ, ಹಸ್ತಾ ನಕ್ಷತ್ರದ ಕೆಳಗೆ. ಯುರೋಪಿನವರಿಗೆ ದಿಗಂತದಲ್ಲಿ ತೆವಳುತ್ತದೆ, ನಮಗೆ 46 ಡಿಗ್ರಿವರೆಗೆ ಏರುತ್ತದೆ. ಫೆಬ್ರುವರಿ ನಡುವಿನಲ್ಲಿ ಬೆಳಗಿನ ಜಾವ 3:45ರ ಸುಮಾರಿಗೆ ನೇರ ದಕ್ಷಿಣದಲ್ಲಿರುತ್ತದೆ. ಆಗ ನಮ್ಮ ಆಕಾಶವೂ ತಿಳಿ. ಹೊಳಪಿನ ಅಂಕ 13ರ ಸುಮಾರು (ಅಂಕ ಹೆಚ್ಚಿದಷ್ಟೂ ನಕ್ಷತ್ರ ಮಂಕು), ನನ್ನ ಕ್ಯಾಮೆರಾಕ್ಕೆ ಸಿಗುತ್ತದೆ.

ಅದರ ಸುತ್ತು 98 ನಿಮಿಷ. ಪ್ರತಿ ಸುತ್ತಿನಲ್ಲೂ ಕೆಲವೇ ನಿಮಿಷದ ಒಂದು ಗ್ರಹಣ. ಜೊತೆಗೆ ಶ್ವೇತಕುಬ್ಜ 67 ನಿಮಿಷಕ್ಕೊಮ್ಮೆ ತನ್ನ ಸುತ್ತ ತಿರುಗುತ್ತದೆ, ಬೆಳಕಿನಲ್ಲಿ ಆ ಅಲೆಯೂ ಇದೆ. ಸೆಕೆಂಡಿನ ಕಂಪನ ನನ್ನ ಸಾಮಾನಿಗೆ ಸಿಗದು. ಆದರೆ ಈ ಎರಡು ಸಿಗಬಹುದು. ಪೇಟೆಯ ದೀಪವೇ ತೊಂದರೆ. ಯಾರಲ್ಲಾದರೂ ಕತ್ತಲೆ ಜಾಗ ಇದೆಯಾ?

ತೋಟದ ಮನೆ · ಜನವರಿ 26, ಬೆಳಿಗ್ಗೆ 6:00

ನಮ್ಮ ಅಂಗಳಕ್ಕೆ ಬನ್ನಿ. ಅಡಿಕೆ ಒಣಗಿಸುವ ಜಾಗ, ದಕ್ಷಿಣಕ್ಕೆ ಮರ ಇಲ್ಲ. ದೀಪ ಎಲ್ಲ ಆರಿಸುತ್ತೇವೆ. ತಂಗಿಯನ್ನೂ ಮನೆಯವರ ಜೊತೆ ಬರಲು ಹೇಳಿ.

ಬನವಾಸಿ ರಸ್ತೆ · ಫೆಬ್ರುವರಿ 9, ರಾತ್ರಿ 9:15

ಸೈಕ್ಲೋಟ್ರಾನ್ ಸೇರಿಸಿದೆ. ಕ್ಷೇತ್ರ ಕಡಿಮೆ ಇಟ್ಟರೆ ಕಂಪನ ಮೊದಲಿನ ಹಾಗೇ ಇದೆ. ಏರಿಸುತ್ತಾ ಹೋದಂತೆ ಕುಗ್ಗುತ್ತದೆ, ಒಂದು ಹಂತದ ನಂತರ ಶಾಕ್ ಸುಮ್ಮನೆ ನಿಲ್ಲುತ್ತದೆ. ಮೊದಲ ಸಲ ಅದು ನಿಂತದ್ದು ನೋಡಿದೆ. ಶಾಕ್‌ನ ಎತ್ತರವೂ ತಗ್ಗಿತು, ಬೇಗ ತಣಿಯುವುದರಿಂದ. ಎರಡು ಉಷ್ಣತೆಯ ಮಾಡೆಲ್ ಮುಂದಿನ ಹೆಜ್ಜೆ. ಕುಮಟಾ ಅಣ್ಣ ಕೋಡ್ ನೋಡಿಕೊಡುತ್ತೇನೆ ಅಂದಿದ್ದಾರೆ.

ಮುದ್ದೆಯ ಪರೀಕ್ಷೆಯನ್ನೂ ಸಣ್ಣದಾಗಿ ಮಾಡಿದೆ. ಮೇಲಿಂದ ಬರುವ ಅನಿಲಕ್ಕೆ ಮಧ್ಯೆ ಮಧ್ಯೆ 100 ಪಟ್ಟು ಸಾಂದ್ರತೆ ಕೊಟ್ಟೆ. ಆ ಮುದ್ದೆ ಬಂದಾಗ ಶಾಕ್ ಕುಸಿದು ತಳದ ಪದರಕ್ಕೇ ಒತ್ತಿಕೊಂಡುಬಿಡುತ್ತದೆ.

ದೇವಗಡ ದೀಪ · ಫೆಬ್ರುವರಿ 22, ಬೆಳಿಗ್ಗೆ 11:00

ನಿನ್ನೆ ರಾತ್ರಿ 1ರಿಂದ 5ರವರೆಗೆ ತೋಟದ ಮನೆಯ ಅಂಗಳದಲ್ಲಿ ಇದ್ದೆವು. 3ರ ಮೇಲೆ ಇಬ್ಬನಿ ಜೋರು, ಗಾಜು ಒರೆಸುತ್ತಲೇ ಇರಬೇಕಾಯಿತು. ಮಧ್ಯೆ ಇಪ್ಪತ್ತು ನಿಮಿಷದ ಚಿತ್ರ ಹಾಳಾಗಿದೆ. ಉಳಿದದ್ದು ಚೆನ್ನಾಗಿದೆ. ಮೂರು ಗ್ರಹಣ ಸಿಕ್ಕಿವೆ.

ಬನವಾಸಿ ರಸ್ತೆ · ಫೆಬ್ರುವರಿ 22, ರಾತ್ರಿ 8:20

ಗ್ರಾಫ್ ಹಾಕಿ ನೋಡಿದೆ. ಮೂರು ತಗ್ಗು, ನಡುವೆ 98 ನಿಮಿಷ. 67 ನಿಮಿಷದ ಅಲೆ ಇದೆಯೋ ಇಲ್ಲವೋ ಅಂತ ಒಂದು ರಾತ್ರಿಯಲ್ಲಿ ಹೇಳಲು ಆಗುತ್ತಿಲ್ಲ, ಇನ್ನೂ ಎರಡು ಮೂರು ರಾತ್ರಿ ಬೇಕು. ಕೋಡಿಬಾಗ ಸರ್, ಮಾರ್ಚ್ ಅಮಾವಾಸ್ಯೆಗೆ ನೀವೂ ಬರುತ್ತೀರಾ?

ಕೋಡಿಬಾಗ · ಫೆಬ್ರುವರಿ 22, ರಾತ್ರಿ 8:45

ಬರುತ್ತೇನೆ. ಘಟ್ಟ ಹತ್ತುವ ಸಂಜೆಯ ಬಸ್ಸಿಗೇ ಹೊರಡುತ್ತೇನೆ.

ತೋಟದ ಮನೆ · ಫೆಬ್ರುವರಿ 22, ರಾತ್ರಿ 9:00

ಊಟ ನಮ್ಮಲ್ಲೇ ಮಾಸ್ತರೇ. ಆ ಹಳೆಯ ದೋಣಿಯ ಒಂದು ತುಂಡು ಹಿತ್ತಿಲಲ್ಲಿ ಈಗಲೂ ಇದೆ, ತೋರಿಸುತ್ತೇನೆ.